ತಂಗಿಯ ಮುಖ ನೋಡಿ ಮಾಡಿದ ವೈನ್

ಮನೆಯವರೇ ನಡೆಸುವ ವೈನ್ ಕಾರ್ಖಾನೆಯಲ್ಲಿ ಬಿಳಿ ವೈನ್ ಅಣ್ಣನ ಪಾಲಿನ ಕೆಲಸ. ನೆಮ್ಮದಿಯೆಂಬುದು ಮಾತ್ರ ಅವನಿಗೆ ಆಗಿಬರದ ವಸ್ತು. ದ್ರಾಕ್ಷಿ ಎಲ್ಲಿ ಹಾಳಾದೀತೋ ಎಂಬ ದಿಗಿಲಿಗೆ ಬೇಗನೆ ಕೊಯ್ಯಿಸುವನು. ರಸ ಹುದುಗುವ ಟ್ಯಾಂಕಿಗೆ ಕಿವಿಯಿಟ್ಟು ವೈದ್ಯನಂತೆ ಹುಬ್ಬು ಗಂಟಿಕ್ಕುವನು. ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ, "ಮೆಲ್ಲಗೆ, ಅದಕ್ಕೆ ಕೇಳಿಸುತ್ತೆ" ಎನ್ನುವನು. ರುಚಿ ನೋಡಲು ತಂಗಿಯೇ ಬೇಕು. ಅವಳು ಗ್ಲಾಸು ಎತ್ತಿದರೆ ಕಣ್ಣು ಮಿಟುಕಿಸದೆ ಅವಳ ಮುಖ ನೋಡುವನು. ಪಾಪ, ಊಟ ನಿದ್ದೆ ಬಿಟ್ಟಿದ್ದಾನೆ ಎಂದು ಅವಳು, "ಚೆನ್ನಾಗಿದೆ ಕಣೋ" ಅಂದುಬಿಡುವಳು. ಆದರೂ ಆ ವೈನನ್ನು ಒಮ್ಮೆ ಕೊಂಡವರು ಮತ್ತೆ ಕೇಳುತ್ತಿರಲಿಲ್ಲ. ಒಂದು ಬೆಳಿಗ್ಗೆ ಹಾಲು ಸೀದು ಮನೆಯೆಲ್ಲ ಘಾಟು ತುಂಬಿದರೂ ಅಣ್ಣ ಒಲೆಗೆ ಬೆನ್ನು ಮಾಡಿ ನಿಶ್ಚಿಂತೆಯಿಂದ ಕೂತಿದ್ದ. ತಂಗಿ ಓಡಿಬಂದು ಒಲೆ ಆರಿಸಿದಳು. "ನಿಂಗೆ ವಾಸನೆ ಬರಲ್ವಾ?" "ಎರಡು ವರ್ಷದ ಹಿಂದೆ ಜ್ವರ ಬಂದಿತ್ತಲ್ಲ, ಆಗಿಂದ ಇಲ್ಲ. ಅಪ್ಪನಿಗೆ ಹೇಳ್ಬೇಡ. ನಿನ್ನ ಮುಖ ನೋಡ್ಕೊಂಡೇ ವೈನ್ ಮಾಡ್ತಿದೀನಿ." ಅವಳು ಅವನನ್ನು ಟ್ಯಾಂಕಿನ ಬಳಿಗೆ ಕರೆದೊಯ್ದಳು. ಒಂದು ಗುಟುಕು ಕುಡಿದು, ಮೊದಲ ಸಲ ಮುಖ ಸಿಂಡರಿಸಿದಳು. "ಪರಿಮಳವೇ ಇಲ್ಲ ಕಣೋ. ಹಣ್ಣು ಇನ್ನೂ ಮಾಗಬೇಕಿತ್ತು." ಮುಂದಿನ ಕೊಯ್ಲಿಗೆ ಅವಳು ಹೂಂ ಅನ್ನುವ ತನಕ ಅವನು ಕತ್ತರಿ ಮುಟ್ಟಲಿಲ್ಲ. ಈಗ ಜನ ಆ ಮನೆಯ ಬಾಗಿಲಿಗೆ ಬರುವುದೇ ಬಿಳಿ ವೈನಿಗಾಗಿ. ಅಣ್ಣ ಪ್ರತಿ ವರ್ಷ ಮೊದಲ ಗ್ಲಾಸು ತುಂಬಿಸಿ ಅವಳಿಗೆ ಕೊಡುತ್ತಾನೆ. ಆಗ ಪಕ್ಕದಲ್ಲಿ ಯಾರಾದರೂ ಕೆಮ್ಮಿದರೆ, "ಮೆಲ್ಲಗೆ" ಎನ್ನುವವಳು ಅವಳೇ.