ಹಾಡದೆ ದಾಟಿದ ಬಾಗಿಲು

ಮೊನ್ನೆ ಬೆಳಿಗ್ಗೆ ಪಕ್ಕದ ಮನೆಯವರು ಬಾಣಂತಿಗೆ ನೀರು ಹಾಕಲು ಹಂಡೆಯಲ್ಲಿ ಲಕ್ಕಿ ಸೊಪ್ಪು ಕುದಿಸುತ್ತಿದ್ದರು. ಉಳಿದ ಕಡ್ಡಿಗಳನ್ನು ಒಲೆಗೇ ತುರುಕಿದರೋ ಏನೋ, ಹೊಗೆ ಗೋಡೆ ದಾಟಿ ನಮ್ಮ ಹಿತ್ತಲಿಗೆ ಬಂತು. ಹಲ್ಲುಜ್ಜುತ್ತಿದ್ದವನು ಹಾಗೇ ನಿಂತುಬಿಟ್ಟೆ. ಆ ಕಹಿ ಘಾಟು ಮೂಗಿಗೆ ಬಡಿದರೆ ಸಾಕು, ನಾನು ಚಿತ್ತವಾಡ್ಗಿಯ ಈ ಮನೆಯಲ್ಲಿ ಇರುವುದಿಲ್ಲ. ಕಂಪ್ಲಿ ಕೋಟೆಯ ಒಂದು ಓಣಿಯಲ್ಲಿ, ನಡುಮನೆಯ ಕತ್ತಲಲ್ಲಿ ಕಂಬಳಿ ಹೊದ್ದು ಕೂತ ಒಬ್ಬರ ಎದುರಿಗೆ ಇರುತ್ತೇನೆ. ಅವರನ್ನು ನಾನು ಹಿರಿಯ ಮೇಷ್ಟ್ರು ಎಂದು ಕರೆಯುತ್ತಿದ್ದೆ. ಅವರಿಗೆ ಚಳಿಜ್ವರ ಹಿಡಿದಾಗ ಅವರ ಜಾಗದಲ್ಲಿ ಪಾಠ ಹೇಳಲು ಹೋದವನು ನಾನು.

ಅದು ಮದರಾಸು ಸರಕಾರದ ಕಾಲ. ಹೊಳೆಗೆ ಇನ್ನೂ ಅಣೆಕಟ್ಟು ಬಂದಿರಲಿಲ್ಲ. ಟ್ರೇನಿಂಗ್ ಮುಗಿಸಿದ ನನಗೆ ಕಾಯಂ ನೌಕರಿ ಸಿಗಲಿಲ್ಲ. ಬದಲಿ ಮೇಷ್ಟ್ರ ಕೆಲಸ ಸಿಕ್ಕಿತು. ಅಂದರೆ ಯಾರಾದರೂ ರಜೆ ಹಾಕಿದರೆ ಅವರು ತಿರುಗಿ ಬರುವ ತನಕ ಅವರ ಕುರ್ಚಿ ಕಾಯುವುದು. ಒಬ್ಬರ ಮಗಳ ಮದುವೆ, ಇನ್ನೊಬ್ಬರ ಕಾಲು ಮುರಿತ, ಮತ್ತೊಬ್ಬರ ತಾಯಿಯ ಕಾಯಿಲೆ... ಹೀಗೆ ಕಂಡವರ ಮನೆಯ ಕಷ್ಟಸುಖವೆಲ್ಲ ನನಗೆ ಊಟದ ದಾರಿಯಾಗಿತ್ತು. ಯಾವ ಊರಿಗೆ ಹೋದರೂ ಸುಣ್ಣದ ಕಡ್ಡಿ ಎಲ್ಲಿದೆ ಎಂದು ಹುಡುಗರನ್ನೇ ಕೇಳಬೇಕು. ಅದು ಇಲ್ಲದ ಕಡೆ ತೋರಿಸಿ ಅವರು ನಗಬೇಕು. ಕಮಲಾಪುರದಲ್ಲಂತೂ ಒಂದು ವಾರ ಪೂರ್ತಿ ಒಬ್ಬರ ಹೆಸರಿಗೆ ಇನ್ನೊಬ್ಬರು ಹಾಜರಿ ಹೇಳಿ ನನ್ನನ್ನು ಕುಣಿಸಿದ್ದರು. ಅವರು ನನ್ನನ್ನು ಕರೆಯುತ್ತಿದ್ದದ್ದೂ ‘ಬದ್ಲಿ ಮೇಷ್ಟ್ರು’ ಎಂದೇ, ಮುಖಕ್ಕೇ.

ಸುಖವೇ ಇರಲಿಲ್ಲ ಅಂದರೆ ಸುಳ್ಳಾದೀತು. ಸಂಡೂರಿನ ದಾರಿಯ ಹಳ್ಳಿಯೊಂದರಲ್ಲಿ ಎಲ್ಲರೂ ದಡ್ಡಿ ಎಂದು ಕೈಬಿಟ್ಟ ಹುಡುಗಿಯೊಬ್ಬಳು ನನ್ನೆದುರಿಗೆ ಮೊದಲ ಸಲ ಒಂದು ಸಾಲು ತಡೆಯದೆ ಓದಿದಳು. ಆ ದಿನ ಕೆಂಪು ಧೂಳಿನ ದಾರಿಯಲ್ಲಿ ಒಬ್ಬನೇ ನಗುತ್ತಾ ನಡೆದದ್ದು ನೆನಪಿದೆ. ಮರುವಾರ ಅಲ್ಲಿಯ ಮೇಷ್ಟ್ರು ರಜೆ ಮುಗಿಸಿ ಬಂದರು. ಎರಡನೆಯ ಸಾಲು ಅವಳು ಓದಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ನಮ್ಮ ಕೆಲಸವೇ ಹಾಗೆ, ನೆಟ್ಟವನು ಒಬ್ಬ, ಕೊಯ್ಯುವವನು ಇನ್ನೊಬ್ಬ.

ಕಂಪ್ಲಿಗೆ ಹೋದದ್ದು ಮಳೆಗಾಲದ ನಡುವೆ. ಊರ ಸುತ್ತ ನೆಲ್ಲಿನ ಗದ್ದೆ, ಕಬ್ಬು, ಬಾಳೆ. ಎಲ್ಲಿ ನೋಡಿದರೂ ನಿಂತ ನೀರು, ನೀರಿದ್ದಲ್ಲೆಲ್ಲ ಸೊಳ್ಳೆ. ಛತ್ರದಲ್ಲಿ ಗಂಟು ಇಳಿಸಿ, ರೂಢಿಯಂತೆ ಹಿರಿಯ ಮೇಷ್ಟ್ರನ್ನು ಕಂಡು ಬರೋಣವೆಂದು ಅವರ ಮನೆಗೆ ಹೋದೆ. ಸೊಳ್ಳೆಗೆಂದು ಹಾಕಿದ ಲಕ್ಕಿ ಸೊಪ್ಪಿನ ಹೊಗೆಯೊಳಗಿಂದ ಅವರ ದನಿ ಬಂತು.

“ನಮ್ಮ ಸಾಲೀಗೆ ಬಂದೋರು ಛತ್ರದಾಗ ಇರೂದಾ? ಭೇಷ್ ಆತು! ಜಲ್ದಿ ಹೋಗಿ ಗಂಟು ತರ್ರಿ. ಪಡಸಾಲಿ ಖಾಲಿನಾ ಐತಿ.”

ಹೀಗೆ ನಾನು ಯಾರ ಕುರ್ಚಿಯಲ್ಲಿ ಕೂರಲು ಬಂದಿದ್ದೆನೋ ಅವರ ಮನೆಯಲ್ಲೇ ಉಂಡೆ, ಮಲಗಿದೆ. ಮಕ್ಕಳಿಲ್ಲದ ದಂಪತಿ. ಮೇಷ್ಟ್ರ ಹೆಂಡತಿಯನ್ನು ನಾನು ಅಮ್ಮಾರು ಎನ್ನುತ್ತಿದ್ದೆ. ಬಿಸಿ ರೊಟ್ಟಿ ತಟ್ಟಿ, ನಾನು ಸಾಕೆಂದರೂ ಬಿಡದೆ ಹಾಕುತ್ತಿದ್ದರು. ಗಂಡನ ಪಾಲಿನ ರೊಟ್ಟಿ ಹಾಗೇ ಉಳಿದಿರುತ್ತಿತ್ತು.

ಜ್ವರ ಬಿಟ್ಟು ಬಿಟ್ಟು ಬರುತ್ತಿತ್ತು. ಅಂಚೆ ಕಚೇರಿಯಲ್ಲಿ ಮಾರುತ್ತಿದ್ದ ಕ್ವಿನೈನ್ ಪೊಟ್ಟಣವನ್ನು ಸಂಜೆ ಬರುವಾಗ ನಾನೇ ತರುತ್ತಿದ್ದೆ. ಚಳಿಗಾಲ ಮುಗಿಯುವ ತನಕ ಶಾಲೆಗೆ ಕಾಲಿಡಕೂಡದು ಎಂದು ಡಾಕ್ಟರು ಹೇಳಿದ್ದರು. ಅವರ ರಜೆಯೋ ಮುಗಿಯುತ್ತಾ ಬಂದಿತ್ತು. ಮುಗಿದ ಮೇಲೂ ಅವರು ಏಳಲಾಗದಿದ್ದರೆ ಆ ಜಾಗ ನನಗೇ ಕಾಯಂ ಆಗುತ್ತದೆ ಎಂದು ಮೇಲಿನ ಕಚೇರಿಯ ಗುಮಾಸ್ತರೊಬ್ಬರು ನನ್ನ ಕಿವಿಗೆ ಹಾಕಿದ್ದರು. ಹೊಸಪೇಟೆಯಲ್ಲಿ ನನ್ನ ತಾಯಿ ಇದ್ದಳು, ಮದುವೆಗೆ ನಿಂತ ತಂಗಿ ಇದ್ದಳು. ಬೇಡವೆನ್ನುವ ಸ್ಥಿತಿ ನನ್ನದಲ್ಲ. ಆದರೆ ಬೇಕೆನ್ನುವುದಾದರೂ ಹೇಗೆ?

ಬೆಳಿಗ್ಗೆ ಎದ್ದ ಕೂಡಲೇ ನಡುಮನೆಯ ಬಾಗಿಲಲ್ಲಿ ನಿಂತು “ಹೆಂಗೈತ್ರಿ ಮೇಷ್ಟ್ರ ಜ್ವರ?” ಎಂದು ಕೇಳಬೇಕು. ಕೇಳದಿದ್ದರೆ ಮನುಷ್ಯತ್ವವಲ್ಲ. ಕೇಳಿದರೆ ಉತ್ತರ ಏನು ಬರುವುದೋ ಎಂಬ ಭಯ. ವಾಸಿಯಾಯಿತು ಎಂದರೆ ನಾನು ಗಂಟು ಕಟ್ಟಬೇಕು. ಇಬ್ಬರಿಗೂ ಅದು ಗೊತ್ತಿತ್ತು. ಅವರು ಕಂಬಳಿಯೊಳಗಿಂದ ಮುಖ ತೆಗೆದು ನನ್ನನ್ನು ನೋಡಿ, ನನಗೇ ಜ್ವರ ಬಂದಿದೆಯೇನೋ ಎನ್ನುವ ಹಾಗೆ ಸಮಾಧಾನ ಮಾಡುತ್ತಿದ್ದರು.

“ಇನ್ನಾ ಬಿಟ್ಟಿಲ್ರೀ. ನೀವೇನ್ ಚಿಂತಿ ಮಾಡಬ್ಯಾಡ್ರಿ.”

ಹೇಳಿ ನಗುತ್ತಿದ್ದರು. ನಾನು ತಲೆ ತಗ್ಗಿಸಿ ಶಾಲೆಗೆ ಹೊರಡುತ್ತಿದ್ದೆ. ಹಿಂದಿನಿಂದ ಅಮ್ಮಾರು “ನಿನ್ನೆ ಎರಡು ತುತ್ತು ಹೆಚ್ಚಿಗಿ ಉಂಡಾರ್ರಿ” ಎಂದು ಸಂತೋಷದಿಂದ ಹೇಳುವರು. ನಾನೂ ಸಂತೋಷಪಟ್ಟ ಮುಖ ಮಾಡುತ್ತಿದ್ದೆ. ಆ ಮುಖ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮಹಾನವಮಿ ಬಂತು. ಆಗ ನಮ್ಮ ಕಡೆ ಒಂದು ಪದ್ಧತಿ ಇತ್ತು. ಹಬ್ಬದಲ್ಲಿ ಮೇಷ್ಟ್ರು ಹುಡುಗರನ್ನು ಕಟ್ಟಿಕೊಂಡು ಮನೆಮನೆಗೆ ಹೋಗುವುದು. ಹುಡುಗರ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಬಿದಿರಿನ ಬಿಲ್ಲು. ಪ್ರತಿ ಬಾಗಿಲಲ್ಲೂ ನಿಂತು ಹಬ್ಬದ ಪದ ಹಾಡಿ ಮನೆಯವರನ್ನು ಹರಸುವುದು. ಮನೆಯವರು ಮಕ್ಕಳಿಗೆ ಪುಠಾಣಿ ಬೆಲ್ಲ ಕೊಟ್ಟು, ಮೇಷ್ಟ್ರ ತಾಟಿಗೆ ತಮ್ಮ ಕೈಲಾದ್ದು ಹಾಕುವುದು. ಬಡವರಿರಲಿ, ಸಾಹುಕಾರರಿರಲಿ, ಒಂದು ಬಾಗಿಲನ್ನೂ ಬಿಡುವಂತಿಲ್ಲ. ಬಿಡುವುದು ಒಂದೇ ಕಡೆ. ಆ ವರ್ಷ ಸಾವಾದ ಮನೆಗೆ ಹಬ್ಬವಿಲ್ಲ. ಅಲ್ಲಿ ಮಾತ್ರ ಹಾಡು ನಿಲ್ಲಿಸಿ ಸುಮ್ಮನೆ ದಾಟಬೇಕು. ಇದು ಹೊಸಪೇಟೆಯಲ್ಲೂ ಹಾಗೆಯೇ. ನನಗೆ ಗೊತ್ತಿಲ್ಲದ ಮಾತೇನಲ್ಲ.

ತಾಟು ಯಾರದು ಎಂಬ ಚಿಂತೆ ನನ್ನನ್ನು ಕೊರೆಯುತ್ತಿತ್ತು. ವರ್ಷಾನುಗಟ್ಟಲೆ ಆ ಊರಿನಲ್ಲಿ ಹಿರಿಯ ಮೇಷ್ಟ್ರು ಹಿಡಿದ ತಾಟು ಅದು. ಬಾಯಿಬಿಟ್ಟು ಕೇಳಲಾರದೆ ನಾನು ಒದ್ದಾಡುತ್ತಿದ್ದರೆ ಅವರೇ ಹೇಳಿದರು:

“ಯಾರು ಪಾಠ ಹೇಳ್ತಾರ, ತಾಟು ಅವರ್ದಾ. ಭಾಳ ವಿಚಾರ ಮಾಡಬ್ಯಾಡ್ರಿ. ನಮ್ಮ ಓಣಿಗೆ ಎಷ್ಟೊತ್ತಿಗೆ ಬರ್ತೀರಿ, ಅಷ್ಟ ಹೇಳ್ರಿ.”

ಸೂರ್ಯ ನೆತ್ತಿಗೆ ಬರುವ ಮೊದಲು ಎಂದೆ. ಆ ಹೊತ್ತಿಗೆ ಬಾಗಿಲು ಹಾಕಿಕೊಂಡು ಒಳಗೆ ಮಲಗಿಬಿಡಲೆಂದೇ ಕೇಳುತ್ತಿದ್ದಾರೆ ಎಂದು ನಾನು ಅರ್ಥ ಮಾಡಿಕೊಂಡೆ. ನನ್ನ ಬುದ್ಧಿ ಅಷ್ಟೇ ದೂರ ಹೋದದ್ದು.

ಹಬ್ಬದ ದಿನ ಬೆಳಗಿನ ಜಾವಕ್ಕೇ ಶಾಲೆಗೆ ಹೋಗಿ ಹುಡುಗರನ್ನು ಸಾಲು ಮಾಡಿದೆ. ಪೇಟೆ ಮುಗಿಸಿ ಕೋಟೆಯ ಕಡೆ ಬಂದೆವು. ಜನ ಚೆನ್ನಾಗಿಯೇ ಬರಮಾಡಿಕೊಂಡರು. ನನ್ನನ್ನು ಬದಲಿ ಎಂದು ಯಾರೂ ಅನ್ನಲಿಲ್ಲ. ಹುಡುಗರು ಗಂಟಲು ಬಿರಿಯುವಂತೆ ಹಾಡುತ್ತಿದ್ದರು. ನನಗೂ ಎದೆ ಉಬ್ಬಿತ್ತು, ಯಾಕೆ ಮುಚ್ಚಿಡಲಿ? ಆದರೆ ಮೇಷ್ಟ್ರ ಓಣಿಯ ತಿರುವು ಬರುತ್ತಲೇ ಹೆಜ್ಜೆ ನಿಧಾನ ಮಾಡಿದೆ. ಅವರ ಅನ್ನ ತಿಂದು, ಅವರ ಕುರ್ಚಿಯಲ್ಲಿ ಕೂತು, ಈಗ ಅವರ ಬಾಗಿಲಿಗೇ ಹೋಗಿ ಅವರ ಮುಂದೆ ಅವರದೇ ತಾಟು ಚಾಚುವುದೇ? ನನ್ನಿಂದ ಆಗದು ಅನ್ನಿಸಿತು.

“ಆ ಮನೀ ಮುಂದ ಹಾಡಬ್ಯಾಡ್ರಿ. ಸುಮ್ನ ದಾಟ್ರಿ” ಎಂದು ಹುಡುಗರಿಗೆ ಹೇಳಿದೆ.

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿದ್ದ ಹುಡುಗ ಏನೋ ಕೇಳಲು ಬಾಯಿ ತೆರೆದ. ನಾನು ಕಣ್ಣು ಬಿಟ್ಟು ಹೆದರಿಸಿದೆ. ಅಷ್ಟು ಹೊತ್ತು ಕಿರುಚುತ್ತಿದ್ದ ಮಕ್ಕಳು ಬಿಲ್ಲುಗಳನ್ನು ಇಳಿಸಿ, ಪಿಸುಮಾತೂ ಇಲ್ಲದೆ ಆ ಬಾಗಿಲನ್ನು ದಾಟಿದರು. ಬಾಗಿಲು ತೆರೆದೇ ಇತ್ತು. ನಾನು ಒಳಗೆ ನೋಡಲಿಲ್ಲ. ಎಷ್ಟು ನಾಜೂಕಾಗಿ ನಡೆದುಕೊಂಡೆ ಎಂದು ನನಗೆ ನಾನೇ ಶಹಭಾಸ್ ಹೇಳಿಕೊಂಡೆ... ಅದನ್ನು ಬರೆಯಲೂ ಕೈ ಬರುವುದಿಲ್ಲ.

ಎರಡು ಮನೆ ಮುಂದೆ ಹೋಗಿದ್ದೆವೋ ಇಲ್ಲವೋ, ಹಿಂದಿನಿಂದ ಹೆಂಗಸೊಬ್ಬಳ ಅಳು ಕೇಳಿಸಿತು. ಎದುರು ಮನೆಯ ಮುದುಕಿ ತಲೆ ಮೇಲೆ ಸೆರಗು ಎಳೆದುಕೊಂಡು ಮೇಷ್ಟ್ರ ಮನೆಯ ಕಡೆ ಓಡುತ್ತಿದ್ದಳು.

“ಯವ್ವಾ, ಒಂದು ಮಾತು ಹೇಳಿ ಕಳಿಸಬಾರದಿತ್ತೇನವ್ವಾ! ಯಾವಾಗ ಹೋದ್ರ ಮೇಷ್ಟ್ರು?”

ಅಕ್ಕಪಕ್ಕದ ಬಾಗಿಲುಗಳಿಂದ ಇನ್ನಷ್ಟು ಜನ ಇಳಿದರು. ಒಬ್ಬರು ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅಮ್ಮಾರು ಹೊಸ್ತಿಲಿಗೆ ಬಂದದ್ದು ಕಂಡಿತು. ಹಬ್ಬದ ಸೀರೆ ಉಟ್ಟಿದ್ದರು, ಕೈಯಲ್ಲಿ ಪುಠಾಣಿ ಬೆಲ್ಲ ತುಂಬಿದ ಮೊರ ಇತ್ತು. “ಯಾರು ಹೋದ್ರು? ಏನಂತ ಮಾತಾಡ್ತಿ?” ಎಂದವರ ದನಿ ಅರ್ಧಕ್ಕೆ ಒಡೆಯಿತು. ಒಳಗೆ ಕೂತ ಗಂಡನ ಕಡೆ ಒಮ್ಮೆ ತಿರುಗಿ ನೋಡಿದರು, ನಿಜವೇ ಇರಬಹುದೇನೋ ಎನ್ನುವ ಹಾಗೆ.

ಆಗ ಹಿರಿಯ ಮೇಷ್ಟ್ರು ಬಾಗಿಲ ಚೌಕಟ್ಟು ಹಿಡಿದು ಹೊರಗೆ ಬಂದರು. ಸ್ನಾನ ಮಾಡಿದ್ದರು. ಮಡಿ ಧೋತರ, ತಲೆಗೆ ರುಮಾಲು, ತೋಳ ಮೇಲೆ ಮಡಿಸಿದ ಹೊಸ ಶಲ್ಯ. ಅಷ್ಟು ಹೊತ್ತಿನಿಂದ ಹಾಡು ಹತ್ತಿರ ಬರುವುದನ್ನು ಕೇಳುತ್ತಾ, ನಮ್ಮನ್ನು ಕಾಯುತ್ತಾ ಕೂತಿದ್ದರು. ಹಾಡು ಅವರ ಬಾಗಿಲಿಗೆ ಬಂದು ನಿಂತುಹೋಗಿತ್ತು. ಜನರನ್ನು ನೋಡಿದರು, ಅಳುತ್ತಿದ್ದ ಮುದುಕಿಯನ್ನು ನೋಡಿದರು. ಆಮೇಲೆ ಓಣಿಯ ತುದಿಗೆ ನಿಂತ ನಮ್ಮ ಕಡೆ ಕೈ ಎತ್ತಿದರು.

“ಲೇ, ನಾ ಇನ್ನಾ ಅದೀನ್ರೋ! ಬರ್ರಿ, ಹಾಡ್ರಿ.”

ಹುಡುಗರು ಓಡಿದರು. ನಾನು ನಡೆದೆ. ಅಷ್ಟು ಉದ್ದದ ಓಣಿಯನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಮಕ್ಕಳು ಹಾಡಿದರು, ಕೆಲವರು ಅಳುತ್ತಲೇ ಹಾಡಿದರು. ಚಳಿ ಹತ್ತಿ ಮೇಷ್ಟ್ರ ಮೈ ನಡುಗುತ್ತಿತ್ತು, ಆದರೂ ಕೊನೆಯ ತನಕ ನಿಂತೇ ಕೇಳಿದರು. ಮುಗಿದ ಮೇಲೆ ಶಲ್ಯವನ್ನು ಬಿಡಿಸಿ ಎಲ್ಲರ ಮುಂದೆ ನನ್ನ ಹೆಗಲಿಗೆ ಹೊದಿಸಿದರು. ಓಣಿಯ ಕಣ್ಣೆಲ್ಲ ನನ್ನ ಮೇಲೆ ನೆಟ್ಟಿತ್ತು. ಅವರದು ಮಾತ್ರ ಮಕ್ಕಳ ಮೇಲಿತ್ತು. “ಛಲೋ ಹಾಡಿದ್ರಲೇ” ಎಂದು ಒಳಗೆ ಹೋಗಿ ಮಲಗಿದರು.

ಸಂಜೆ ಕಾಲು ಹಿಡಿಯಲು ಹೋದೆ. “ಬಿಡ್ರಿ, ಆತು” ಎಂದು ಮಗ್ಗುಲಾದರು. ಅಮ್ಮಾರು ಎಂದಿನಂತೆ ರೊಟ್ಟಿ ಹಾಕಿದರು. ಆದರೆ ಗಂಡ ಎಷ್ಟು ಉಂಡರು ಎಂದು ನನಗೆ ಹೇಳುವುದನ್ನು ಅಂದೇ ನಿಲ್ಲಿಸಿಬಿಟ್ಟರು. ಆ ದಾಟುವಿಕೆಯಲ್ಲಿ ಅಮ್ಮಾರಿಗೆ ಕಂಡದ್ದೇನು? ಸಾವಾದ ಮನೆಯನ್ನು ಮಾತ್ರ ಬಿಡುವುದೆಂದು ನನಗೆ ಗೊತ್ತೇ ಇತ್ತು. ಆ ಹೊತ್ತಿಗೆ ಹೊಳೆಯಲಿಲ್ಲ ಎಂದೇ ಇಷ್ಟು ವರ್ಷ ನನಗೆ ನಾನು ಹೇಳಿಕೊಂಡಿದ್ದೇನೆ. ಹೊಳೆಯಲಿಲ್ಲವೋ, ಇಲ್ಲ ಮನಸ್ಸಿನ ಮೂಲೆಯಲ್ಲೆಲ್ಲೋ...

ಹಬ್ಬ ಕಳೆದು ಶಾಲೆ ತೆರೆದ ದಿನ ಹಿರಿಯ ಮೇಷ್ಟ್ರು ಕಂಬಳಿ ಹೊದ್ದೇ ಶಾಲೆಗೆ ಬಂದರು. ಡಾಕ್ಟರ ಮಾತು, ಹೆಂಡತಿಯ ಮಾತು ಯಾವುದನ್ನೂ ಕೇಳಲಿಲ್ಲ.

“ಊರು ಒಮ್ಮಿ ಸತ್ತಾನ ಅಂತು. ಮುಖ ತೋರಿಸಬೇಕಲ್ರೀ” ಎಂದು ನಕ್ಕರು.

ನಾನು ಗಂಟು ಕಟ್ಟಿ ಹೊಸಪೇಟೆಯ ಬಸ್ಸು ಹತ್ತಿದೆ. ಅಮ್ಮಾರು ಬುತ್ತಿ ಕಟ್ಟಿಕೊಟ್ಟರು, ಮುಖ ನೋಡಲಿಲ್ಲ. ಚಳಿಗಾಲ ಮುಗಿಯುವ ಮೊದಲೇ, ಪಾಠ ಹೇಳುತ್ತಿದ್ದಾಗ ಮೇಷ್ಟ್ರು ಕುಸಿದರಂತೆ. ಮತ್ತೆ ಏಳಲಿಲ್ಲ. ಆ ಸುದ್ದಿಯೂ, ಕಂಪ್ಲಿಗೆ ನನ್ನನ್ನು ಕಾಯಂ ಮಾಡಿದ ಹುಕುಮೂ ಹೆಚ್ಚುಕಡಿಮೆ ಒಟ್ಟಿಗೇ ಬಂದವು. ನನ್ನ ತಾಯಿ ದೇವರ ಮುಂದೆ ಸಕ್ಕರೆ ಇಟ್ಟಳು. ನಾನು ಹೋದೆ. ಹೋಗದೆ ಏನು ಮಾಡಲಿ?

ಮುಂದಿನ ಮಹಾನವಮಿಗೆ ತಾಟು ನ್ಯಾಯವಾಗಿ ನನ್ನದೇ ಆಗಿತ್ತು. ಕೋಟೆಯ ಆ ಓಣಿಗೆ ತಿರುಗಿದೆವು. ನಾನು ಯಾರಿಗೂ ಏನೂ ಹೇಳಲಿಲ್ಲ. ಆ ಮನೆ ಬರುತ್ತಲೇ ಹುಡುಗರು ತಾವಾಗಿಯೇ ಹಾಡು ನಿಲ್ಲಿಸಿ ಬಿಲ್ಲು ಇಳಿಸಿದರು. ಈ ಸಲ ನಾನು ಒಳಗೆ ನೋಡಬೇಕೆಂದುಕೊಂಡಿದ್ದೆ. ಬಾಗಿಲು ಮುಚ್ಚಿತ್ತು. ಯಾರಿಗೆ ಜ್ವರವೋ, ಸೊಳ್ಳೆಗೆ ಹಾಕಿದ್ದೋ, ಸಂದಿನಿಂದ ಲಕ್ಕಿ ಸೊಪ್ಪಿನ ಹೊಗೆ ಬರುತ್ತಿತ್ತು. ವರ್ಷ ತುಂಬಿದ ಮೇಲೆ ಅಮ್ಮಾರು ತವರಿಗೆ ಹೋದರು, ಮನೆ ಬೇರೆಯವರ ಪಾಲಾಯಿತು. ನಾನು ಆ ಕುರ್ಚಿಯಲ್ಲಿ ನನ್ನ ಇಡೀ ನೌಕರಿ ಮುಗಿಸಿದೆ. ನನ್ನ ಕೈಯಲ್ಲಿ ಕಲಿತವರ ಮಕ್ಕಳೂ ಕಲಿತರು, ಎಲ್ಲರೂ ನನ್ನನ್ನು ಮೇಷ್ಟ್ರು ಎಂದೇ ಕರೆದರು. ನಾನು ಮಾತ್ರ ಆ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತ ನೆನಪಿಲ್ಲ. ಶಲ್ಯವನ್ನೂ ಹೊದೆಯಲಿಲ್ಲ; ಪೆಟ್ಟಿಗೆಯ ತಳದಲ್ಲಿದ್ದು ಮಡಿಕೆಯಲ್ಲೇ ಹರಿದುಹೋಯಿತು.

ಮೊನ್ನೆ ಹಿತ್ತಲಲ್ಲಿ ಹೊಗೆ ದಟ್ಟವಾದಾಗ ನನ್ನ ಬಾಯಿ ತಾನಾಗಿ ಕೇಳಿತು:

“ಹೆಂಗೈತ್ರಿ ಮೇಷ್ಟ್ರ ಜ್ವರ?”

ಗೋಡೆಯಾಚೆ ಪಕ್ಕದ ಮನೆಯಾಕೆ “ಏನಂದ್ರಿ?” ಎಂದಳು. ಏನಿಲ್ಲವ್ವಾ ಎಂದೆ. ಅಷ್ಟು ಸಲ ಕೇಳಿದ್ದೆ ಆ ಮಾತನ್ನು. ವಾಸಿಯಾಗಿದೆ ಎನ್ನಲಿ ಎಂದು ಬಯಸಿ ಕೇಳಿದ್ದು ಇದೇ ಮೊದಲು.