ಅತ್ತೆಯ ಎಡಗೈ

ನಾನು ಶಿಕಾರಿಪುರದಿಂದ ಉಳವಿಗೆ ಸೊಸೆಯಾಗಿ ಬಂದ ಎರಡನೆಯ ವರ್ಷ, ಐವತ್ತೆಂಟನೆಯ ಇಸವಿಯೋ ಐವತ್ತೊಂಬತ್ತೋ ಇರಬೇಕು, ಅತ್ತೆಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಎರಡೂ ಬಿದ್ದುಹೋದವು. ಮನೆಯಲ್ಲಿದ್ದವರು ನಾವಿಬ್ಬರೇ. ನನ್ನ ಗಂಡ ಶಿಕಾರಿಪುರದ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ನನ್ನ ತವರೂರಿನಲ್ಲಿ ಅವರು, ಅವರ ಊರಿನಲ್ಲಿ ನಾನು. ಹದಿನೈದು ದಿನಕ್ಕೊಮ್ಮೆ ಬಸ್ಸಿಗೆ ಬಂದು, ತಾಯಿಯ ಪಕ್ಕ ಅರ್ಧ ಗಂಟೆ ಕೂತು, "ಮೊದಲಿಗಿಂತ ಎಷ್ಟೋ ವಾಸಿ" ಎಂದು ಹೇಳಿ ಹೋಗುತ್ತಿದ್ದರು. ನೋಡಿಕೊಳ್ಳುವವರಿಗಿಂತ ನೋಡಿ ಹೋಗುವವರಿಗೆ ಕಾಯಿಲೆ ಬೇಗ ವಾಸಿಯಾದಂತೆ ಕಾಣುತ್ತದೆ.

ಅತ್ತೆಯನ್ನು ಎಬ್ಬಿಸಬೇಕು, ತೊಳೆಯಬೇಕು, ಮಗ್ಗುಲು ಬದಲಿಸಬೇಕು. ಬಾವಿಯ ನೀರು, ಒಲೆ, ಕೊಟ್ಟಿಗೆ ಎಲ್ಲವೂ ನನ್ನ ತಲೆಯ ಮೇಲೇ. ಎಷ್ಟೋ ದಿನ ನಾನು ಬಾಯ್ತುಂಬ ಮಾತಾಡಿದ್ದು ಎಮ್ಮೆಯ ಹತ್ತಿರ ಮಾತ್ರ. ಅದು ಎದುರು ಮಾತಾಡುತ್ತಿರಲಿಲ್ಲ, ಅಷ್ಟೇ ಪುಣ್ಯ.

ಇದೆಲ್ಲ ಸಾಲದು ಎಂಬಂತೆ ಪೂಜೆಯ ತೊಂದರೆ ಬೇರೆ. ನಮ್ಮಲ್ಲಿ ಕೊರಳಿನ ಇಷ್ಟಲಿಂಗವನ್ನು ಎಡಗೈ ಅಂಗೈಯಲ್ಲಿಟ್ಟುಕೊಂಡು ಬಲಗೈಯಿಂದ ಪೂಜಿಸಬೇಕು. ಪೂಜೆಯಾಗದೆ ಅತ್ತೆ ತೊಟ್ಟು ನೀರನ್ನೂ ಮುಟ್ಟುವವರಲ್ಲ. ಈಗ ಆ ಎಡಗೈಯೇ ಸತ್ತಿತ್ತು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ವಾಡಿಕೆಯೂ ಇಲ್ಲ. ಎರಡು ದಿನ ಹಸಿದು ಮಲಗಿದರು. "ಪೂಜೆ ಆಗದೆ ತುತ್ತು ಇಳಿಯಲ್ಲ ಕಣವ್ವ" ಎಂದು ತೊದಲಿದರು. ಮೂರನೆಯ ದಿನ ನಾನೇ ಗೋಡೆಗೆ ಒರಗಿಸಿ ಕೂರಿಸಿ, ಅವರ ಎಡಗೈ ಕೆಳಗೆ ನನ್ನ ಎರಡೂ ಕೈ ಕೊಟ್ಟು ಎತ್ತಿ ಹಿಡಿದೆ. ಅವರು ಬಲಗೈಯಿಂದ ಲಿಂಗ ತೆಗೆದು ಅಂಗೈ ಮೇಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಒಂದೊಂದೇ ಪತ್ರೆ ಏರಿಸಿದರು. ಅಂದಿನಿಂದ ದಿನಾ ಅರ್ಧ ಗಂಟೆ ನಾನು ಅವರ ಕೈಗೆ ಮಣೆಯಾದೆ.

ಭಕ್ತಿಯಿಂದ ಹಿಡಿದೆ ಎಂದರೆ ಸುಳ್ಳಾಗುತ್ತದೆ. ಒಲೆಯ ಮೇಲೆ ಹಾಲು ಉಕ್ಕುತ್ತಿದೆ, ಇವರಿಗೆ ಇನ್ನೂ ನಾಲ್ಕು ಪತ್ರೆ ಬಾಕಿ ಎಂದು ಒಳಗೊಳಗೇ ಕುದಿಯುತ್ತಿದ್ದೆ. ನನ್ನ ಪೂಜೆಯನ್ನಂತೂ ಬಿಟ್ಟೇಬಿಟ್ಟಿದ್ದೆ. ಲಿಂಗ ಮುಚ್ಚಿದ ಕರಡಿಗೆಯೊಳಗೇ ಕೊರಳಲ್ಲಿ ತೂಗುತ್ತಿತ್ತು, ನಾನು ನಿಂತೇ ಉಣ್ಣುತ್ತಿದ್ದೆ. ಸೋಮವಾರದ ಬಸ್ಸಿಗೆ ತವರಿಗೆ ಹೋಗಿಬಿಡುವುದು, ಅತ್ತೆಯನ್ನು ಅವರ ಮಗನೇ ಬಂದು ನೋಡಿಕೊಳ್ಳಲಿ ಎಂದು ತೀರ್ಮಾನಿಸಿ ಸೀರೆಗಳನ್ನು ಗಂಟು ಕಟ್ಟಿಟ್ಟೆ.

ಆ ಭಾನುವಾರ ಬೆಳಿಗ್ಗೆ ಅವರ ಕೈ ಹಿಡಿದುಕೊಂಡೇ ನನಗೆ ಜೋಂಪು ಹತ್ತಿತು. ನನ್ನ ಕೈ ಜಾರಿತು. ಲಿಂಗ ಚಾಪೆಯ ಮೇಲೆ ಬಿತ್ತು.

ಲಿಂಗ ಕೆಳಗೆ ಬೀಳುವುದೆಂದರೆ ನಮ್ಮವರಿಗೆ ಜೀವ ಬಿದ್ದ ಹಾಗೆ. ಅತ್ತೆ ಬೈಯಲಿಲ್ಲ. ನನ್ನ ಭುಜದ ಮೇಲೆ ಭಾರ ಹಾಕಿ, ಬಲಗೈ ಚಾಚಿ, ಬಹಳ ಹೊತ್ತು ಪರದಾಡಿ ತಾವೇ ಎತ್ತಿಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ನನ್ನ ಮುಖ ನೋಡಿದರು.

"ನೀನು ಪೂಜೆ ಮಾಡ್ಕಂಡು ಎಷ್ಟು ದಿನ ಆತವ್ವ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ತಿಂಗಳಾತು ಅತ್ತೆ" ಎಂದೆ.

"ಹೋಗು, ಮೊದ್ಲು ನಿಂದಾಗ್ಲಿ. ನಾ ಕಾಯ್ತೀನಿ. ಅವಸರ ಮಾಡಬ್ಯಾಡ."

ಕಾಯಿಲೆಯ ಮುದುಕಿ ಹಸಿದು ಕೂತಿರುವಾಗ ಅವಸರ ಮಾಡದೆ ಇರುವುದು ಹೇಗೆ? ಆದರೂ ಕೂತೆ. ಅಂಗೈಯಲ್ಲಿ ಲಿಂಗವಿಟ್ಟು ನೋಡುತ್ತ ನೋಡುತ್ತ ಅಳು ಬಂತು. ಬೇಕಾದಷ್ಟು ಅತ್ತುಬಿಟ್ಟೆ. ಮದುವೆಯಾದ ಮೇಲೆ ಯಾರೂ ನನ್ನನ್ನು ಕರೆಯದ, ಏನನ್ನೂ ಕೇಳದ ಹೊತ್ತು ಅದೊಂದೇ ಆಗಿತ್ತು. ಎದ್ದಾಗ ದಣಿವು ಇದ್ದ ಹಾಗೇ ಇತ್ತು, ಆದರೆ ಅದನ್ನು ಹೊರಬಲ್ಲೆ ಎನ್ನಿಸಿತು. ಸೋಮವಾರದ ಬಸ್ಸು ಹೋದಾಗ ನಾನು ಕೊಟ್ಟಿಗೆಯಲ್ಲಿದ್ದೆ. ಅಂದಿನಿಂದ ಮೊದಲು ನನ್ನ ಪೂಜೆ, ಆಮೇಲೆ ಅವರದು. ನಾನು ಬೇಗ ಎದ್ದುಬಿಟ್ಟರೆ ಗೋಡೆಯ ಕಡೆಯಿಂದ "ಆಗ್ಲೇ ಆತಾ?" ಎಂಬ ಗದರಿಕೆ ಬರುತ್ತಿತ್ತು.

ಹೀಗೇ ಒಂದು ವರ್ಷ ನಡೆಯಿತು. ಮುಂದಿನ ಸುಗ್ಗಿಯ ಹೊತ್ತಿಗೆ ಅತ್ತೆ ತೀರಿಕೊಂಡರು. ನಮ್ಮ ಪದ್ಧತಿಯಂತೆ ಕೂರಿಸಿ, ಎಡಗೈಯಲ್ಲಿ ಅವರ ಲಿಂಗವಿಟ್ಟು ಮಣ್ಣು ಮಾಡಿದರು. ಬಂದವರೆಲ್ಲ ನನಗೆ, "ಪಾಪ, ಇನ್ನಾದರೂ ನಿನಗೆ ಬಿಡುವಾತು" ಎಂದರು.

ಮೂರು ದಿನ ಕಳೆದು ನೆಂಟರು ಹೋದರು, ಗಂಡನೂ ಅಂಗಡಿಗೆ ಹೊರಟರು. ಮಾರನೆಯ ಬೆಳಿಗ್ಗೆ ಖಾಲಿ ಮನೆಯಲ್ಲಿ ಪೂಜೆಗೆ ಕೂತೆ. ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡೆ. ಬಲಗೈ ತಾನಾಗಿಯೇ, ಅತ್ತೆಯ ಕೈಯನ್ನು ಹಿಡಿಯುತ್ತಿದ್ದ ಹಾಗೆ, ಅದರ ಕೆಳಗೆ ಹೋಗಿ ಎತ್ತಿ ಹಿಡಿಯಿತು. ಪತ್ರೆ ಏರಿಸಲು ಕೈ ಉಳಿದಿರಲಿಲ್ಲ. ಅವಸರ ಮಾಡಬೇಡ ಎಂದಿದ್ದರಲ್ಲ, ಹಾಗೇ ಕೂತಿದ್ದೆ.