ಭುಜದ ಮೇಲೆ ಎರಡು ತಟ್ಟು

ಇದು ನಡೆದದ್ದು. ನಾನು ಬೆಳಿಗ್ಗೆ ಐದಕ್ಕೆ ಏಳುವವನು, ಕುಡಿಯುವವನಲ್ಲ, ದೆವ್ವದ ಕಥೆ ಹೇಳಿ ಮಕ್ಕಳನ್ನು ಹೆದರಿಸುವ ಚಾಳಿಯೂ ಇಲ್ಲ. ಸಾಕ್ಷಿ ಬೇಕೆನ್ನುವವರು ನನ್ನ ಎಡಗಾಲು ಇರಬೇಕಾಗಿದ್ದ ಜಾಗವನ್ನು ನೋಡಬಹುದು.

ಯುರೋಪಿನ ಹಳೆಯ ಊರುಗಳನ್ನು ನನ್ನಷ್ಟು ನಿಧಾನವಾಗಿ ನಡೆದು ನೋಡಿದವರು ಕಡಿಮೆ. ಎರಡನೇ ಮಹಾಯುದ್ಧದಲ್ಲಿ ನಮ್ಮದು ನೆಲಬಾಂಬ್ ತೆಗೆಯುವ ದಳ. ಫ್ಲಾರೆನ್ಸಿನಲ್ಲಿ ಒಂದು ಬೀದಿ ದಾಟಲು ಇಡೀ ಹಗಲು ಹಿಡಿಯುತ್ತಿತ್ತು. ಮುಂದೆ ಹಲಸೂರಿನ ಮುನಿಸ್ವಾಮಿ, ಬಾಂಬ್ ಹುಡುಕುವ ಯಂತ್ರವನ್ನು ಕಿವಿಗೆ ಹಾಕಿಕೊಂಡು ನೆಲದ ಸದ್ದು ಕೇಳುತ್ತಾ. ಅವನಿಗೆ ಬೇರೇನೂ ಕೇಳಿಸುತ್ತಿರಲಿಲ್ಲ. ಹಿಂದೆ ನಾನು. ಗೋಡೆ, ಬಾಗಿಲುಗಳಿಗೆ ಬಾಂಬಿನ ತಂತಿ ಕಟ್ಟಿದ್ದಾರೆಯೇ ಎಂದು ನೋಡಿ, ಇಲ್ಲದಿದ್ದರೆ ಅವನ ಭುಜವನ್ನು ಎರಡು ಸಲ ತಟ್ಟಬೇಕು. ತಟ್ಟಿದರೆ ಅವನ ಕಾಲು ಮುಂದೆ. ಯೋಚನೆ ಮಾಡುವಂತಿಲ್ಲ. ಸರದಿ ಬದಲಾದಾಗ ನನಗೂ ಅದೇ ನಿಯಮ.

“ದೊರೆಗಳು ಆಸೆಪಟ್ಟು ನೋಡೋಕ್ ಬರೋ ಊರಂತೆ ಗುರು,” ಎನ್ನುತ್ತಿದ್ದ ಮುನಿ. “ನಮ್ಗ್ ನೋಡು, ಬಿಟ್ಟಿ! ಆದ್ರೆ ತಲೆ ಎತ್ತಂಗಿಲ್ಲ.”

ಒಂದು ದಿನ ನಾನು ತಲೆ ಎತ್ತಿದೆ. ಚರ್ಚೊಂದರ ಒಡೆದ ಬಾಗಿಲಿನಾಚೆ ನೀಲಿ ಛಾವಣಿ, ಅದರ ತುಂಬ ಚಿನ್ನದ ನಕ್ಷತ್ರ... ಅದನ್ನೇ ನೋಡುತ್ತಾ ಎರಡು ಸಲ ತಟ್ಟಿಬಿಟ್ಟೆ.

ಹೊಸ್ತಿಲಲ್ಲಿ ತಂತಿಯಿತ್ತು.

ಧೂಳು ಇಳಿದಾಗ ಮುನಿಯ ಎಡಗಾಲು ಎದುರಿನ ಕಲ್ಲಿನ ದೇವತೆಯ ಮಡಿಲಲ್ಲಿ ಬಿದ್ದಿತ್ತು, ಬೂಟಿನ ಸಮೇತ. ಅವನು ಅರ್ಧ ಗಂಟೆ ಕೂಗಿದ. ಆಮೇಲೆ ಕೂಗಲಿಲ್ಲ. ತಂತಿ ಕಾಣುವಂತಿರಲಿಲ್ಲ ಎಂದು ಮೇಲಿನವರಿಗೆ ಹೇಳಿದೆ.

ಯುದ್ಧ ಮುಗಿದು ಊರಿಗೆ ಬಂದ ವಾರವೇ ಅವನ ಪೆಟ್ಟಿಗೆ ಕೊಡಲು ಹಲಸೂರಿಗೆ ಹೋದೆ. ದೀಪ ಹಚ್ಚುವ ಹೊತ್ತು. ಅವನ ತಾಯಿ ಕಾಫಿ ಕೊಟ್ಟು ಎದುರಿಗೆ ಕುಳಿತರು.

“‘ಹಿಂದ್ಗಡೆ ಸುಬ್ಬಯ್ಯ ಇರ್ತಾನೆ, ಭಯ ಪಡ್ಬೇಡಮ್ಮ’ ಅಂತ ಪ್ರತಿ ಕಾಗ್ದದಲ್ಲೂ ಬರೀತಿದ್ದ. ಅವತ್ತು ಹಿಂದೆ ನೀನೇ ಇದ್ಯೇನಪ್ಪಾ ಸುಬ್ಬಯ್ಯ?”

“ಇಲ್ಲಮ್ಮಾ... ಬೇರೆಯವ್ರು. ನಂಗವತ್ತು ಜ್ವರ.”

ಅವರು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು.

ಹೊರಗೆ ಕತ್ತಲಾಗಿತ್ತು. ರಸ್ತೆಯ ಅಂಚಿನಲ್ಲೇ ಇದ್ದ ಕಾಂಪೌಂಡ್ ಗೋಡೆಗೆ ಬೆನ್ನು ಒತ್ತಿ, ದಾಟಲು ಕಾಯುತ್ತಾ ನಿಂತೆ. ಮಿಲಿಟರಿ ಲಾರಿಯೊಂದು ಜೋರಾಗಿ ಬರುತ್ತಿತ್ತು. ಪಕ್ಕದಲ್ಲಿ ಹೂ ಮಾರುವವಳ ಬುಟ್ಟಿಯಿಂದ ಬರುತ್ತಿದ್ದ ಮಲ್ಲಿಗೆಯ ವಾಸನೆ ಇದ್ದಕ್ಕಿದ್ದಂತೆ ನಿಂತುಹೋಯಿತು... ಸುಣ್ಣದ ಧೂಳು... ಸುಟ್ಟ ಮದ್ದು...

ಭುಜದ ಮೇಲೆ ಎರಡು ತಟ್ಟು.

ಲಾರಿ ನನಗೆ ಕಾಣುತ್ತಿತ್ತು. ಕಾಲು ನನ್ನ ಮಾತು ಕೇಳಲಿಲ್ಲ. ಮುಂದೆ ಹೋಯಿತು.

ಗಾಣಕ್ಕೆ ಕೊಟ್ಟ ಕಬ್ಬಿನಂತೆ ಮೂಳೆ ಮುರಿಯುವುದು ಕೇಳಿಸಿತು. ಹೂವಿನವಳು ಕಿರುಚಿದಳು. ಅರ್ಧ ಗಂಟೆ ನಾನೂ ಕೂಗಿದೆನಂತೆ. ತಟ್ಟು ಬಿದ್ದಾಗ ನನ್ನ ಬೆನ್ನ ಹಿಂದೆ ಗೋಡೆಯಿತ್ತು, ನಡುವೆ ಒಂದು ಕೈ ತೂರುವಷ್ಟೂ ಜಾಗವಿರಲಿಲ್ಲ.

ಆಸ್ಪತ್ರೆಯಲ್ಲಿ ಕಾಲು ತೆಗೆದರು. ಮುನಿಯ ತಾಯಿ ಬನ್ನು ತಂದರು. ಅವರಿಗೆ ಎಲ್ಲ ಹೇಳಿದೆ, ಛಾವಣಿಯ ನಕ್ಷತ್ರಗಳನ್ನೂ ಬಿಡದೆ.

ಅವರು ಬನ್ನಿನ ಪೊಟ್ಟಣವನ್ನು ಮಂಚದ ಮೇಲಿಟ್ಟರು. “ನಂಗ್ಯಾಕಪ್ಪಾ ಹೇಳ್ತೀಯ? ಅವನ್ಗೆ ಹೇಳು,” ಎಂದು ಎದ್ದು ಹೋದರು. ಮತ್ತೆ ಬರಲಿಲ್ಲ.

ಅವನಿಗೆ ಹೇಳುತ್ತಲೇ ಇದ್ದೇನೆ. ಈಗಲೂ ಸಂಜೆ ದೀಪ ಹಾಕಿ, ಕುರ್ಚಿಯನ್ನು ಗೋಡೆಗೆ ಒತ್ತಿ ಕುಳಿತ ಮೇಲೆ ಭುಜದ ಮೇಲೆ ಎರಡು ತಟ್ಟು ಬೀಳುತ್ತದೆ. ದಾರಿ ಸರಿಯಿದೆ, ನಡೆ ಎಂದರ್ಥ. ನಾನು ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿಯುತ್ತೇನೆ, ಏಳುವುದಿಲ್ಲ.

ಆದರೆ ಇಲ್ಲದ ಆ ಎಡಗಾಲು... ಅದು ಹೆಜ್ಜೆ ಎತ್ತುತ್ತದೆ.